ಗಿಳಿಪಾಠವೆಂದು ಹಳಿಯುವವರಿಗೆ

ಶಿಕ್ಷಣದ ವಿಷಯವಾಗಿ ವೇದಿಕೆಯೇರಿ ಮಾತನಾಡುವವರಿಗೆ ಈಚಿನ ಕೆಲವು ದಶಕಗಳಲ್ಲಿ ಬಹಳ ಅನುಕೂಲವಾದ ಬೈಗುಳವೊಂದು ದೊರೆತಿದೆ. ಅದು "ಗಿಳಿಪಾಠ". ಮಗು ಮಗ್ಗಿ ಹೇಳಿದರೆ ಗಿಳಿಪಾಠ. ಪುಸ್ತಕ ನೋಡದೆ ಪದ್ಯ ಒಪ್ಪಿಸಿದರೆ ಗಿಳಿಪಾಠ. ಇಡೀ ತರಗತಿ ಒಂದೇ ಕೊರಳಾಗಿ ರಾಗವೆಳೆದು ಓದಿದರಂತೂ ಮುಗಿಯಿತು, ಆ ಶಾಲೆ ಇನ್ನೂ ಕೂಲಿಮಠದ ಕಾಲದಲ್ಲಿದೆ ಎಂಬ ತೀರ್ಪು. ಹೀಗೆ ತೀರ್ಪು ಕೊಡುವವರಲ್ಲಿ ಬಹುಮಂದಿ ತಾವು ಬಾಲ್ಯದಲ್ಲಿ ಕಂಠಪಾಠ ಮಾಡಿದ ಪದ್ಯಗಳನ್ನು ಮದುವೆಮನೆಯ ಪಡಸಾಲೆಗಳಲ್ಲಿ ಇಂದಿಗೂ ಹೇಳಿ ಮೆಚ್ಚುಗೆ ಪಡೆಯುವವರೇ ಎಂಬುದು ಈ ವಿಷಯದ ಸ್ವಾರಸ್ಯ.

ಕಳೆದ ಮಳೆಗಾಲದಲ್ಲಿ ಸಮೀಪದ ಶಾಲೆಯೊಂದರ ಸಭೆಗೆ, ಹಳೆಯ ಮೇಷ್ಟರೆಂಬ ಗೌರವದಿಂದ, ನನ್ನನ್ನೂ ಕರೆದಿದ್ದರು. ಬೆಳಗಿನ ಪ್ರಾರ್ಥನೆಯ ಅನಂತರ ಹತ್ತು ನಿಮಿಷ ಮಕ್ಕಳಿಂದ ಪದ್ಯವಾಚನ ಮಾಡಿಸಬಾರದೇಕೆ ಎಂದು ನಾನು ಸೂಚಿಸಿದೆ. ಅಲ್ಲಿದ್ದ ಅಧಿಕಾರಿಯೊಬ್ಬರು (ಹೆಸರು ಬೇಡ, ವಯಸ್ಸಿನಲ್ಲಿ ನನ್ನ ಕೊನೆಯ ತಂಡದ ವಿದ್ಯಾರ್ಥಿಗಳಿಗಿಂತ ಕಿರಿಯರು) ಬಹಳ ವಿನಯದಿಂದಲೇ, "ಸರ್, ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ. ಮಕ್ಕಳ ಮಿದುಳನ್ನು ಉಗ್ರಾಣ ಮಾಡಬಾರದು ಎಂಬುದು ಹೊಸ ಚಿಂತನೆ" ಎಂದರು. ಸಭೆ ತಲೆದೂಗಿತು. ಕಾಫಿ ಬಂದಿತು. ವಿಷಯ ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. ಮಿದುಳೆಂಬ ಮಾತನ್ನು ಅವರೇ ಎತ್ತಿದ್ದರಿಂದ ಮಿದುಳನ್ನು ಮುಂದಿಟ್ಟುಕೊಂಡೇ ಉತ್ತರ ಹೇಳುವುದು ನ್ಯಾಯ. ನಾನು ವಿಜ್ಞಾನದ ಮೇಷ್ಟರಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವನು. ಆದರೆ ನಿವೃತ್ತಿಯ ಬಿಡುವು ದೊಡ್ಡದು, ಕುತೂಹಲಕ್ಕೆ ನಿವೃತ್ತಿಯಿಲ್ಲ. ಓದಿ ತಿಳಿದುಕೊಂಡದ್ದನ್ನು, ಕಣ್ಣಾರೆ ಕಂಡದ್ದರ ಪಕ್ಕದಲ್ಲಿಟ್ಟು ನೋಡಿದ್ದೇನೆ.

ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ನಿದ್ದೆಯಲ್ಲಿಯೂ ಕಿವಿ ತೆರೆದೇ ಇರುತ್ತದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಎಂಬ ಅಂಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳು. ಮನುಷ್ಯರಲ್ಲಿ ಇವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. (ಮೆರವಣಿಗೆಗಳಲ್ಲಿ ಡಿಜೆ ಪೆಟ್ಟಿಗೆಗಳ ಮುಂದೆ ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುವ ತಂದೆಯರು ಈ ಒಂದು ವಾಕ್ಯವನ್ನಾದರೂ ಓದಬೇಕು.) ಗಾಳಿಯ ಕಂಪನವು ಈ ಕೋಶಗಳಲ್ಲಿ ವಿದ್ಯುತ್ ಸಂಕೇತವಾಗಿ ಮಾರ್ಪಟ್ಟು, ನರದ ಮೂಲಕ ಮಿದುಳಿನ ಕಾಂಡವನ್ನು ಹಾದು, ಥಲಾಮಸ್ ಎಂಬ ನಡುಮನೆಯನ್ನು ತಲುಪಿ, ಅಲ್ಲಿಂದ ಕಪೋಲದ ಮೇಲ್ಭಾಗದಲ್ಲಿರುವ ಶ್ರವಣ ಕ್ಷೇತ್ರಕ್ಕೆ ಹೋಗುತ್ತದೆ. ಇದು ರಾಜಮಾರ್ಗ. ನಾವು "ಕೇಳಿದೆ, ತಿಳಿಯಿತು" ಎನ್ನುವುದು ಈ ಮಾರ್ಗದ ಫಲ.

ಈ ವ್ಯವಹಾರ ಹುಟ್ಟಿನ ಮುಂಚೆಯೇ ಆರಂಭವಾಗುತ್ತದೆ. 1986ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬ ಸಂಶೋಧಕರು ಗರ್ಭಿಣಿಯರಿಂದ ಕೊನೆಯ ಆರು ವಾರಗಳ ಕಾಲ ಒಂದೇ ಕಥಾಭಾಗವನ್ನು ಪ್ರತಿದಿನ ಗಟ್ಟಿಯಾಗಿ ಓದಿಸಿದರು. ಹುಟ್ಟಿದ ಶಿಶುಗಳಿಗೆ ಒಂದು ಕೃತಕ ಮೊಲೆತೊಟ್ಟನ್ನು ಕೊಟ್ಟು, ಚೀಪುವ ಲಯಕ್ಕೆ ತಕ್ಕಂತೆ ಆ ಕಥೆಯೋ ಬೇರೊಂದು ಕಥೆಯೋ ಕೇಳಿಸುವಂತೆ ಏರ್ಪಾಡು ಮಾಡಿದಾಗ, ಶಿಶುಗಳು ತಾವು ಒಳಗಿದ್ದಾಗ ಕೇಳಿದ ಕಥೆಯೇ ಬರುವಂತೆ ಚೀಪಿದವು! ಇದನ್ನೋದಿ ಅಭಿಮನ್ಯುವಿನ ಚಕ್ರವ್ಯೂಹ ನಿಜವೆಂದು ಸಾಧಿಸಲು ಯಾರೂ ಹೊರಡಬೇಕಾಗಿಲ್ಲ. ಶಿಶುವಿಗೆ ಕಥೆಯ ಅರ್ಥ ತಿಳಿದಿರಲಿಲ್ಲ. ತಿಳಿದದ್ದು ಮಾತಿನ ಏರಿಳಿತ, ಲಯ, ಓಟ. ನನ್ನ ವಾದಕ್ಕೆ ಬೇಕಾದದ್ದೂ ಅಷ್ಟೇ. ಅರ್ಥಕ್ಕಿಂತ ಮೊದಲು ನಾದ ಒಳಗೆ ಹೋಗಿ ಕುಳಿತಿರುತ್ತದೆ. "ಅರ್ಥವಾಗದೆ ಬಾಯಿಪಾಠ ಮಾಡಿಸಬಾರದು" ಎಂಬ ನಿಯಮವನ್ನು ಪ್ರಕೃತಿ ಪಾಲಿಸಿದ್ದರೆ ಯಾವ ಮಗುವೂ ಮಾತು ಕಲಿಯುತ್ತಿರಲಿಲ್ಲ.

ರಾಜಮಾರ್ಗವೆಂದೆನಲ್ಲ, ಒಂದು ಅಡ್ಡದಾರಿಯೂ ಉಂಟು. ನ್ಯೂಯಾರ್ಕಿನ ಜೋಸೆಫ್ ಲೆಡೂ ಎಂಬ ವಿಜ್ಞಾನಿ 1980ರ ದಶಕದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇದು ಬೆಳಕಿಗೆ ಬಂದಿತು. ಒಂದು ಸದ್ದು ಕೇಳಿಸಿ ಒಡನೆಯೇ ಇಲಿಯ ಕಾಲಿಗೆ ಲಘುವಾದ ವಿದ್ಯುದಾಘಾತ ಕೊಡುವುದು. ಕೆಲವೇ ಸಲದಲ್ಲಿ ಸದ್ದು ಕೇಳಿದ ಮಾತ್ರಕ್ಕೆ ಇಲಿ ಮರಗಟ್ಟಿ ನಿಲ್ಲುತ್ತದೆ. ಅದರ ಶ್ರವಣ ಕ್ಷೇತ್ರವನ್ನು ಕತ್ತರಿಸಿ ತೆಗೆದರೂ ಈ ಭಯವನ್ನು ಅದು ಕಲಿಯುತ್ತದೆ. ಏಕೆಂದರೆ ಥಲಾಮಸ್‌ನಿಂದ ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಭಾಗಕ್ಕೆ ನೇರವಾದ ಕಿರುದಾರಿಯಿದೆ. ಭಯವೇ ಮುಂತಾದ ಭಾವಗಳಿಗೆ ಅಮಿಗ್ಡಲಾ ಮುಖ್ಯವಾದ ಠಾಣೆ. ಅದರ ಅಂಟಿಕೊಂಡ ನೆರೆಮನೆಯೇ ಹಿಪೊಕ್ಯಾಂಪಸ್: ಯಾವಾಗ, ಎಲ್ಲಿ, ಯಾರೊಡನೆ ಎಂಬ ನೆನಪುಗಳನ್ನು ಹೆಣೆಯುವ ಜಾಗ. ಹೀಗಾಗಿ ಸದ್ದೊಂದು ಏನೆಂದು ನಾವು ಗುರುತಿಸುವ ಮೊದಲೇ ಎದೆ ಡವಗುಟ್ಟಿರುತ್ತದೆ, "ಇದು ಎಲ್ಲಿಯದು?" ಎಂಬ ವಿಚಾರ ಅನಂತರದ್ದು.

ಮನುಷ್ಯರ ಮೇಲೆ ಇಂತಹ ಪ್ರಯೋಗ ನಡೆದಿಲ್ಲವೆ? ನಡೆದಿದೆ, ನಡೆಯಬಾರದಿತ್ತು. ಜಾನ್ ವ್ಯಾಟ್ಸನ್ ಮತ್ತು ರೋಸಲಿ ರೇನರ್ ಎಂಬಿಬ್ಬರು ಅಮೆರಿಕದ ಬಾಲ್ಟಿಮೋರಿನಲ್ಲಿ ಇನ್ನೂ ವರ್ಷ ತುಂಬದ ಮಗುವಿನ ಮುಂದೆ ಬಿಳಿಯ ಇಲಿಯನ್ನು ಬಿಟ್ಟು, ಮಗು ಅದನ್ನು ಮುಟ್ಟಲು ಕೈಚಾಚಿದಾಗ ಬೆನ್ನ ಹಿಂದೆ ತೂಗುಹಾಕಿದ್ದ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಡಿದರು. ಏಳು ಸಲ ಹೀಗೆ ಮಾಡಿದ ಮೇಲೆ ಸದ್ದೇ ಇಲ್ಲದೆ ಇಲಿಯನ್ನು ಕಂಡರೂ ಮಗು ಅಳುತ್ತಿತ್ತು. ಬಳಿಕ ಮೊಲವನ್ನೂ, ತುಪ್ಪಳದ ಕೋಟನ್ನೂ ಕಂಡು ಅತ್ತಿತು. 1920ರಲ್ಲಿ ಇದನ್ನು ಪ್ರಕಟಿಸಿದರು. ಮಗುವಿನ ಭಯವನ್ನು ಹೋಗಲಾಡಿಸುವ ಗೋಜಿಗೆ ಹೋಗಲಿಲ್ಲ.

ತೂಗುಹಾಕಿದ ಉಕ್ಕಿನ ಸಲಾಕೆ! ನಮ್ಮ ಹಳ್ಳಿಯ ಶಾಲೆಗಳಲ್ಲಿ ಓದಿದವರಿಗೆ ಇದನ್ನೋದಿದೊಡನೆ ಬೇರೆಯೇ ಒಂದು ಸದ್ದು ಕೇಳಿಸಿರಬೇಕು. ಮರದ ಕೊಂಬೆಗೋ ಜಗುಲಿಯ ತೊಲೆಗೋ ತೂಗುಬಿಟ್ಟ ರೈಲುಹಳಿಯ ತುಂಡು, ಜವಾನನ ಕೈಯ ಕಬ್ಬಿಣದ ಗೂಟ. ಬೆಳಗಿನ ಮೊದಲ ಗಂಟೆ, ಆಟದ ಗಂಟೆ, ಮನೆಗೆ ಬಿಡುವ ಉದ್ದನೆಯ ಗಂಟೆ... ಒಂದೇ ಕಬ್ಬಿಣ, ಮೂರು ಭಾವ. ವ್ಯಾಟ್ಸನ್ನನ ಸಲಾಕೆಗೂ ನಮ್ಮ ರೈಲುಹಳಿಗೂ ಲೋಹದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಸದ್ದಿನ ಜೊತೆಗೆ ಮಗುವಿಗೆ ಏನು ಒದಗಿತು ಎಂಬುದರಲ್ಲಿ. ಆದಕಾರಣ ಶಾಲೆಯಲ್ಲಿ ಮಕ್ಕಳ ಕಿವಿಗೆ ಏನು ಬೀಳುತ್ತದೆ ಎಂಬುದು ಅಲಂಕಾರದ ಪ್ರಶ್ನೆಯಲ್ಲ. ಪಠ್ಯದಷ್ಟೇ ಗಂಭೀರವಾದ ಪ್ರಶ್ನೆ.

ಇಲ್ಲಿ ನನ್ನ ಕೆಲವು ಹಳೆಯ ಸಹೋದ್ಯೋಗಿಗಳಿಗೂ ಎರಡು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಕಂಠಪಾಠವನ್ನು ಎತ್ತಿಹಿಡಿಯುವವರಲ್ಲಿ ಒಂದು ಗುಂಪು, "ಬೆತ್ತವಿದ್ದಾಗ ಮಗ್ಗಿ ಬರುತ್ತಿತ್ತು, ಬೆತ್ತ ಹೋಯಿತು, ಮಗ್ಗಿಯೂ ಹೋಯಿತು" ಎಂದು ಹಲುಬುವವರದು. ಇವರ ಜೊತೆ ನನ್ನನ್ನು ಸೇರಿಸಬೇಡಿ. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಹಿರಿಯ ಶಿಕ್ಷಕರೊಬ್ಬರಿದ್ದರು. ಅವರು ಹೊಡೆಯುತ್ತಿದ್ದುದು ಕಡಿಮೆ. ತರಗತಿಗೆ ಬಂದವರೇ ಬೆತ್ತದ ತುದಿಯಿಂದ ಮೇಜಿನ ಅಂಚನ್ನು ಟಕ್, ಟಕ್, ಟಕ್ ಎಂದು ಮೂರು ಸಲ ತಟ್ಟುತ್ತಿದ್ದರು. ಅಷ್ಟಕ್ಕೇ ಮಗ್ಗಿ ಬರುತ್ತಿದ್ದ ಹುಡುಗರಿಗೂ ಮರೆತುಹೋಗುತ್ತಿತ್ತು. ಆ ತರಗತಿಯಲ್ಲಿ ಓದಿದವನೊಬ್ಬ, ಈಗ ಅವನೂ ಅಜ್ಜ, ಈಚೆಗೆ ಸಿಕ್ಕಿದಾಗ ಹೇಳಿದ: "ಮೇಷ್ಟ್ರೇ, ಬ್ಯಾಂಕಿನಲ್ಲಿ ಯಾರಾದರೂ ಪೆನ್ನಿನಿಂದ ಕೌಂಟರಿನ ಮೇಲೆ ತಟ್ಟಿದರೆ ಇವತ್ತಿಗೂ ನನಗೆ ಹೊಟ್ಟೆ ತೊಳಸುತ್ತದೆ. ಆಮೇಲೆ ಅವರ ಮುಖ ನೆನಪಾಗುತ್ತದೆ." ಮೊದಲು ಹೊಟ್ಟೆ, ಆಮೇಲೆ ಮುಖ. ಲೆಡೂ ಅವರ ಅಡ್ಡದಾರಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ವಿವರಿಸಲಾರದು. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಒಟ್ಟಿಗೆ ನಿಷೇಧಿಸಿದ್ದು ಸರಿಯೇ ಆಯಿತು. ಭಯದಲ್ಲಿ ಕಲಿತ ಸದ್ದು ಅಳಿಯುವುದು ಬಹಳ ಕಷ್ಟ. ಮೇಲೆ ಮಣ್ಣು ಮುಚ್ಚಿಕೊಂಡೀತೇ ಹೊರತು ಬೇರು ಒಣಗುವುದಿಲ್ಲ.

ಆದರೆ ಬೆತ್ತದೊಡನೆ ಪದ್ಯವನ್ನೂ ಹೊರಗೆಸೆದ ಬುದ್ಧಿಯನ್ನು ಏನೆನ್ನೋಣ? ಎರಡೂ ಒಂದೇ ಕೊಠಡಿಯಲ್ಲಿದ್ದವೆಂಬುದನ್ನು ಬಿಟ್ಟರೆ ಅವುಗಳ ನಡುವೆ ಯಾವ ನಂಟು? ಸದ್ದು ಭಯವನ್ನು ಅಷ್ಟು ಆಳಕ್ಕೆ ಇಳಿಸಬಲ್ಲುದಾದರೆ ನೆಮ್ಮದಿಯನ್ನೂ ಅಷ್ಟೇ ಆಳಕ್ಕೆ ಇಳಿಸಬಲ್ಲುದು ಎಂಬುದನ್ನು ಏಕೆ ಯೋಚಿಸಬಾರದು?

ಇದಕ್ಕೆ ನನ್ನ ಬಳಿಯಿರುವ ಸಾಕ್ಷಿ ನಮ್ಮ ಅಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ಮೂರನೆಯ ತರಗತಿಗೆ ಶಾಲೆ ಬಿಡಿಸಿದರು. ಅಂದಿನ ಹೆಣ್ಣುಮಕ್ಕಳ ಹಣೆಬರಹ. ಕೆಲವು ವರ್ಷಗಳಿಂದ ಅವಳಿಗೆ ಮರೆವಿನ ಕಾಯಿಲೆ. ಮೊದಲು ದಿನ, ವಾರ ಹೋದವು. ಆಮೇಲೆ ಮೊಮ್ಮಕ್ಕಳ ಹೆಸರು, ಆಮೇಲೆ ಮಗನದು. ನಾನು ಹೋದರೆ, "ಯಾರಪ್ಪಾ ತಾವು? ಕೂತ್ಕೊಳ್ಳಿ" ಎಂದು ಬಹುವಚನದಲ್ಲಿ ಉಪಚರಿಸುತ್ತಾಳೆ. ಎತ್ತಿ ಆಡಿಸಿದ ತಮ್ಮನನ್ನು ಬಹುವಚನದಲ್ಲಿ ಮಾತನಾಡಿಸುವ ಅಕ್ಕನ ಎದುರು ಕುಳಿತುಕೊಳ್ಳುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಒಂದು ಸಂಜೆ ಕರೆಂಟು ಹೋಗಿತ್ತು. ಸೊಸೆ ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ಎಳೆದುಕೊಂಡು ಹೆಸರುಕಾಳು ಒಡೆಯಲು ಕುಳಿತಳು. ಕಲ್ಲು ಎರಡು ಸುತ್ತು ತಿರುಗಿತ್ತೋ ಇಲ್ಲವೋ, ಒಳಕೋಣೆಯಿಂದ ಅಕ್ಕನ ದನಿ ಕೇಳಿಸಿತು. ಅಮ್ಮನೂ ಅವಳೂ ನಸುಕಿನಲ್ಲಿ ರಾಗಿ ಬೀಸುತ್ತಾ ಹೇಳುತ್ತಿದ್ದ ಪದ. ಒಂದು ನುಡಿಯಲ್ಲ, ಎರಡಲ್ಲ. ಹದಿನಾಲ್ಕು ನುಡಿ ಎಣಿಸಿದೆ. ಒಂದು ಅಕ್ಷರ ತಪ್ಪಲಿಲ್ಲ. ಹೋಗಿ ನೋಡಿದರೆ ಮಂಚದ ಮೇಲೆ ಕುಳಿತವಳ ಬಲಗೈ ಗೂಟ ಹಿಡಿದಂತೆ ಮಡಿಸಿಕೊಂಡು ಸುತ್ತುತ್ತಿತ್ತು. ಹಾಡು ಮುಗಿದ ಮೇಲೆ ನನ್ನತ್ತ ನೋಡಿ, "ಇನ್ನೂ ಮಲಗಿಲ್ಲವೇನೋ ಪುಟ್ಟೂ?" ಎಂದಳು. ಆ ಹೆಸರಿನಿಂದ ನನ್ನನ್ನು ಕರೆಯುವವರು ಬೇರೆ ಯಾರೂ ಈಗ ಉಳಿದಿಲ್ಲ. ಕರೆಂಟು ಬಂದಿತು, ಕಲ್ಲು ನಿಂತಿತು, ಸ್ವಲ್ಪ ಹೊತ್ತಿಗೆ ನಾನು ಮತ್ತೆ "ತಾವು" ಆದೆ.

ಇದನ್ನು ಪವಾಡವೆಂದು ನಾನು ಹೇಳುತ್ತಿಲ್ಲ. ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ಇದರ ಒಂದು ಕಾರಣವನ್ನು ತೋರಿಸಿದರು. ಬಹುಕಾಲದಿಂದ ಪರಿಚಿತವಾದ ಹಾಡುಗಳನ್ನು ಆರೋಗ್ಯವಂತರಿಗೆ ಕೇಳಿಸಿ, ಮಿದುಳಿನ ಯಾವ ಭಾಗ ಆಗ ವಿಶೇಷವಾಗಿ ಸ್ಪಂದಿಸುತ್ತದೆಂದು ಗುರುತಿಸಿಕೊಂಡರು. ಆಮೇಲೆ ಅಲ್ಜೈಮರ್ ರೋಗಿಗಳ ಮಿದುಳಿನ ಚಿತ್ರಗಳಲ್ಲಿ ಅದೇ ಭಾಗವನ್ನು ಪರೀಕ್ಷಿಸಿದರು. ಬೇರೆಡೆ ಸವೆತ ಬಹಳವಾಗಿದ್ದರೂ ಈ ಭಾಗ ಬಹುಮಟ್ಟಿಗೆ ಉಳಿದುಕೊಂಡಿತ್ತು. ಆ ಭಾಗಕ್ಕೆ ದೇಹದ ಚಲನೆಗಳನ್ನು ಅಣಿಗೊಳಿಸುವ ಕೆಲಸದೊಡನೆಯೂ ಸಂಬಂಧವಿದೆ. ಅಕ್ಕನ ಬಲಗೈ ನನ್ನ ಕಣ್ಣ ಮುಂದೆ ಬರುತ್ತದೆ. ಇಂಗ್ಲೆಂಡಿನ ಕ್ಲೈವ್ ವೇರಿಂಗ್ ಎಂಬ ಸಂಗೀತಗಾರರ ಪ್ರಸಂಗವಂತೂ ಪ್ರಸಿದ್ಧವಾದದ್ದು. 1985ರಲ್ಲಿ ಮಿದುಳಿಗೆ ತಗಲಿದ ಸೋಂಕಿನಿಂದ ಹಿಪೊಕ್ಯಾಂಪಸ್ ಹಾಳಾಗಿ, ಅರೆ ನಿಮಿಷದ ಹಿಂದಿನದೂ ನೆನಪಿಲ್ಲದ ಸ್ಥಿತಿಗೆ ಅವರು ಬಂದರು. ಆದರೂ ಪಿಯಾನೋ ಮುಂದೆ ಕುಳ್ಳಿರಿಸಿದರೆ ನುಡಿಸುತ್ತಿದ್ದರು; ವೃಂದಗಾನವನ್ನು ನಡೆಸಬಲ್ಲವರಾಗಿದ್ದರು.

ಈ ಸಂಗತಿಗಳನ್ನು ತಿಳಿದ ಮೇಲೆ ನಮ್ಮ ಭಾಷೆಯ ಒಂದು ಪದ ನನಗೆ ಹೊಸದಾಗಿ ಕಂಡಿತು. ನೆನಪಿಟ್ಟುಕೊಳ್ಳುವುದಕ್ಕೆ ಇಂಗ್ಲಿಷಿನವರು ಹೃದಯದ ಹೆಸರು ಹೇಳುತ್ತಾರೆ. ನಾವು ಬಾಯಿಪಾಠ ಎನ್ನುತ್ತೇವೆ, ಕಂಠಪಾಠ ಎನ್ನುತ್ತೇವೆ. ನಾಲಗೆ, ತುಟಿ, ಉಸಿರು, ಕೊರಳು ಇವೆಲ್ಲ ಸೇರಿ ಮಾಡುವ ಕೆಲಸವೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರು. ಮೌನವಾಗಿ ಓದಿದ ಪದಗಳಿಗಿಂತ ಬಾಯಿಬಿಟ್ಟು ಓದಿದ ಪದಗಳು ಹೆಚ್ಚು ನೆನಪುಳಿಯುತ್ತವೆ ಎಂಬುದನ್ನು ಕೆನಡಾದ ಕಾಲಿನ್ ಮ್ಯಾಕ್ಲಿಯೋಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಯೋಗಗಳಿಂದ ತೋರಿಸಿ ಅದಕ್ಕೊಂದು ಹೆಸರನ್ನೂ ಕೊಟ್ಟರು. ನಮ್ಮಲ್ಲಿ ಆ ಹೆಸರು ಮೊದಲೇ ಇತ್ತು, ಬೈಗುಳವಾಗಿ.

ಕನ್ನಡ ಪದ್ಯದ ಕಟ್ಟಡವನ್ನೇ ನೋಡಿ. ಇಂಗ್ಲಿಷ್ ಪದ್ಯದ ಪ್ರಾಸ ಸಾಲಿನ ಕೊನೆಯಲ್ಲಿ; ನಮ್ಮ ಹಳೆಯ ಕಾವ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ. ಇದೇಕೆ ಹೀಗೆಂದು ಹುಡುಗರು ಕೇಳುತ್ತಿದ್ದರು. ಪದ್ಯ ಒಪ್ಪಿಸುವ ಹುಡುಗ ತಡವರಿಸುವುದು ಎಲ್ಲಿ? ಸಾಲಿನ ನಡುವೆಯಲ್ಲ, ಒಂದು ಸಾಲು ಮುಗಿದು ಮುಂದಿನದನ್ನು ಎತ್ತಿಕೊಳ್ಳಬೇಕಾದ ಜಾಗದಲ್ಲಿ. ಅಲ್ಲಿಯೇ ಆದಿಪ್ರಾಸ ಕೈಹಿಡಿಯುತ್ತದೆ. ಭಾಮಿನಿ ಷಟ್ಪದಿಯಾದರೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳ ನಡಿಗೆ. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಉದ್ದನೆಯ ಓಟ, ಕೊನೆಗೊಂದು ಗುರುವಿನ ನಿಲುಗಡೆ. ತಪ್ಪು ಪದ ಹಾಕಿದರೆ ಕಾಲು ಎಡವುತ್ತದೆ, ಹೇಳುವವನಿಗೇ ಗೊತ್ತಾಗುತ್ತದೆ. ನಾದ, ಲಯ, ಅರ್ಥ ಮೂರೂ ಸೇರಿ ಮುಂದಿನ ಪದದ ಆಯ್ಕೆಯನ್ನು ಕಿರಿದುಗೊಳಿಸುವುದರಿಂದಲೇ ಮೌಖಿಕ ಕಾವ್ಯಗಳು ತಲೆಮಾರುಗಳನ್ನು ದಾಟುತ್ತವೆ ಎಂದು ಡೇವಿಡ್ ರೂಬಿನ್ ಎಂಬ ಅಮೆರಿಕದ ಮನೋವಿಜ್ಞಾನಿ 1995ರಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಕುಮಾರವ್ಯಾಸನನ್ನು, ಲಕ್ಷ್ಮೀಶನನ್ನು ಅಕ್ಷರ ತಿಳಿಯದ ರೈತರು ಜಗುಲಿಯ ಮೇಲೆ ಕೇಳಿ ಕೇಳಿಯೇ ಕಲಿತಿದ್ದರು. ಅವರು ಗಿಳಿಗಳೆ? ಯಾವ ಪದ್ಯಕ್ಕೆ ಯಾವ ಸಂದರ್ಭ, ಕರ್ಣ ಏಕೆ ಹಾಗೆ ಮಾಡಿದ ಎಂದು ಅವರೊಡನೆ ವಾದಿಸಿ ಸೋತ ಪದವೀಧರರನ್ನು ನಾನು ಕಂಡಿದ್ದೇನೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಅದೇ ಕಲೆಯ ಮೊದಲ ಮೆಟ್ಟಿಲನ್ನು ಶಾಲೆಯಲ್ಲಿ ಮಗು ಹತ್ತಿದರೆ ಮಾತ್ರ ಅದು ಗಿಳಿಪಾಠ!

ಮಗ್ಗಿಯ ವಿಷಯವೂ ಇದೇ. 1999ರಲ್ಲಿ ಡಹಾನ್, ಸ್ಪೆಲ್ಕಿ ಮೊದಲಾದವರು ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರಿಗೆ ಕೆಲವು ಲೆಕ್ಕಗಳನ್ನು ಒಂದು ಭಾಷೆಯಲ್ಲಿ ಕಲಿಸಿ ಇನ್ನೊಂದರಲ್ಲಿ ಕೇಳಿದರು. ಅಂದಾಜಿನ ಲೆಕ್ಕಕ್ಕೆ ತೊಂದರೆಯಾಗಲಿಲ್ಲ. ಖಚಿತವಾದ ಉತ್ತರ ಹೇಳಲು ಮಾತ್ರ ಕಲಿಯದ ಭಾಷೆಯಲ್ಲಿ ಹೆಚ್ಚು ಹೊತ್ತು ಹಿಡಿಯಿತು. ಅಂದರೆ ನಿಖರವಾದ ಲೆಕ್ಕ ಮಾತಿಗೆ ಅಂಟಿಕೊಂಡಿರುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕ್ಯಾಲಿಫೋರ್ನಿಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಸಭೆಯಲ್ಲಿ ಏಳೆಂಟರ ಗುಣಾಕಾರ ಬಂದರೆ ಈಗಲೂ ಮನಸ್ಸಿನಲ್ಲಿ "ಏಳೆಂಟ್ಲ ಐವತ್ತಾರು" ಎಂದೇ ಬರುತ್ತದೆ ಎನ್ನುತ್ತಾನೆ. ಅದರ ಹಿಂದೆಯೇ ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದೂ ಬರುತ್ತದಂತೆ.

ಇನ್ನು "ಹೊಸ ಚಿಂತನೆ"ಯ ಮಾತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಉರು ಹೊಡೆಯುವ ವಿಧಾನದಿಂದ ಕಲಿಕೆ ದೂರ ಸರಿಯಬೇಕೆಂದು ಹೇಳಿದ್ದು ನಿಜ, ಸರಿಯಾಗಿಯೇ ಹೇಳಿತು. ಪರೀಕ್ಷೆಗಾಗಿ ಪ್ರಶ್ನೋತ್ತರಗಳನ್ನು ಗೈಡಿನಿಂದ ನುಂಗಿ ಮರುದಿನ ಉಗುಳುವ ಪಿಡುಗಿನ ವಿರುದ್ಧ ಆ ಮಾತು. ಮಕ್ಕಳು ಹಾಡಬಾರದು, ಪದ್ಯ ಒಪ್ಪಿಸಬಾರದು ಎಂದು ಅದು ಹೇಳಲಿಲ್ಲ. ನಮ್ಮಲ್ಲಿ ಆದದ್ದೇನು? ಗೈಡುಗಳು ಅಂಗಡಿಗಳಲ್ಲಿ ಹಾಗೆಯೇ ಉಳಿದವು, ಪದ್ಯವಾಚನ ಹೋಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಹಾಡಿಗೆ ಒಳ್ಳೆಯ ಸ್ಥಾನವಿತ್ತು, ಅದನ್ನು ರೂಪಿಸಿದ ಶಿಕ್ಷಕರಿಗೆ ನನ್ನ ನಮಸ್ಕಾರ. ಆದರೆ ಚಿಕ್ಕ ತರಗತಿಗಳನ್ನು ದಾಟಿದೊಡನೆ, ಹಾಡೆಂದರೆ ಎಳೆಯ ಮಕ್ಕಳ ಕೆಲಸವೆಂಬಂತೆ, ತರಗತಿಗಳು ಮೂಕವಾಗುತ್ತವೆ. ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕೇಳಿದ್ದು, ಕಂಡದ್ದು ವೃದ್ಧಾಪ್ಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಗೆ ಬರುತ್ತದೆ ಎಂಬುದು ಸ್ಮರಣೆಯನ್ನು ಅಭ್ಯಾಸ ಮಾಡುವವರೆಲ್ಲ ಒಪ್ಪಿದ ಸಂಗತಿ. ಆ ವಯಸ್ಸಿಗೆ ಕಾಲಿಡುವ ಹೊತ್ತಿಗೇ ನಾವು ಬಾಯಿ ಮುಚ್ಚಿಸುತ್ತೇವೆ.

ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ, ನಿಜ. ಅಕ್ಕನ ಹಾಡನ್ನು ಮೊಬೈಲಿನಲ್ಲಿ ಹುಡುಕಬೇಕೆಂಬುದು ಅಕ್ಕನಿಗೆ ನೆನಪಿರಬೇಕಲ್ಲ? ಬರಹ ದನಿಯ ಬದಲಿಯಲ್ಲ ಎಂಬುದಕ್ಕೂ ಒಂದು ಪುರಾವೆ ಹೇಳಿಬಿಡುತ್ತೇನೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೆಸ್ಲಿ ಸೆಲ್ಟ್‌ಜರ್ ಮತ್ತು ಸಂಗಡಿಗರು ಏಳರಿಂದ ಹನ್ನೆರಡು ವರ್ಷದ ಹುಡುಗಿಯರಿಗೆ ಅಪರಿಚಿತರ ಮುಂದೆ ಭಾಷಣ, ಲೆಕ್ಕ ಮುಂತಾದ ಕಷ್ಟದ ಕೆಲಸ ಕೊಟ್ಟು ಗಾಬರಿಪಡಿಸಿದರು. ಆಮೇಲೆ ಕೆಲವರನ್ನು ತಾಯಿ ಬಂದು ತಬ್ಬಿಕೊಂಡಳು, ಕೆಲವರೊಡನೆ ದೂರವಾಣಿಯಲ್ಲಿ ಮಾತನಾಡಿದಳು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ದನಿಯೊಂದೇ ಹೆಚ್ಚುಕಡಿಮೆ ಅಪ್ಪುಗೆಯಷ್ಟೇ ಸಮಾಧಾನ ಕೊಟ್ಟಿತು. ಅದು ದೇಹದ ಹಾರ್ಮೋನುಗಳಲ್ಲಿ ಅಳೆದು ಕಂಡದ್ದು. ಎರಡು ವರ್ಷಗಳ ಅನಂತರ ಅವರೇ ತಾಯಿಯಿಂದ ಬೆರಳಚ್ಚಿನ ಸಂದೇಶ ಕಳಿಸಿ ನೋಡಿದರು. ಅದೇ ತಾಯಿ, ಅಂಥದೇ ಸಮಾಧಾನದ ಮಾತು. ಆದರೆ ಆ ಪರಿಣಾಮ ಕಾಣಿಸಲಿಲ್ಲ. ಊರಿನಲ್ಲಿರುವ ತಂದೆತಾಯಿಗೆ ದಿನವೂ ವಾಟ್ಸಾಪಿನಲ್ಲಿ "ಶುಭೋದಯ"ದ ಹೂವು ಕಳಿಸಿ ಕರ್ತವ್ಯ ಮುಗಿಸುವ ಮಕ್ಕಳಿಗೂ ಇದು ಅನ್ವಯಿಸುತ್ತದೆ, ಆದರೆ ಅದು ಬೇರೆ ಲೇಖನದ ವಿಷಯ.

ನನ್ನನ್ನು ನಿಜವಾಗಿ ಕೆರಳಿಸುವುದು ಬೇರೆಯೇ ಒಂದು ಸಂಗತಿ. ಗಿಳಿಪಾಠವೆಂದು ಹಳಿಯುವ ಮಹನೀಯರ ಮಕ್ಕಳು ಸಂಜೆ ಸಂಗೀತದ ಪಾಠಕ್ಕೆ ಹೋಗುತ್ತಾರೆ. ಅಲ್ಲಿ ಸರಳೆ ವರಸೆಯನ್ನು ನೂರು ಸಲ ಹೇಳುತ್ತಾರೆ, ಆಗ ಅದು ಸಾಧನೆ. ಕೂಲಿಯವನ ಮಗಳಿಗೆ ಸರ್ಕಾರಿ ಶಾಲೆ ಬಿಟ್ಟರೆ ಬೇರೆ ಯಾವ ಜಗುಲಿಯಿದೆ? ನಮ್ಮ ಹಿಂದಿನ ಕಂಠಪಾಠದ ಪರಂಪರೆಯಲ್ಲಿ ಯಾರ ಕಿವಿಗೆ ಏನು ಬೀಳಬೇಕು, ಯಾರದಕ್ಕೆ ಬೀಳಬಾರದು ಎಂಬ ಕಟ್ಟಳೆಯಿತ್ತು. ಆ ಪಾಪವನ್ನು ಮರೆಮಾಚಬೇಕಾಗಿಲ್ಲ. ಸರ್ಕಾರಿ ಶಾಲೆ ಆ ಕಟ್ಟಳೆಯನ್ನು ಮುರಿದು, ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಒಂದೇ ಪದ್ಯವನ್ನು ಒಟ್ಟಿಗೆ ಹೇಳಿಸಿದ ಜಾಗ. ಅಲ್ಲಿಯೂ ಪೂರ್ಣ ನ್ಯಾಯವಾಗಲಿಲ್ಲ: ಮಲೆ ಮಾದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡಬಲ್ಲ ಕಂಸಾಳೆಯವರು, ಮಂಟೇಸ್ವಾಮಿಯ ಕಥೆಯನ್ನು ಬಲ್ಲ ನೀಲಗಾರರು ಇದ್ದ ಊರಿನಲ್ಲಿಯೇ ಶಾಲೆ ಅವರನ್ನು ಒಂದು ದಿನವೂ ಒಳಗೆ ಕರೆಯಲಿಲ್ಲ. ತೆರೆದ ಬಾಗಿಲನ್ನು ಇನ್ನಷ್ಟು ತೆರೆಯಬೇಕಾದ ಹೊತ್ತಿನಲ್ಲಿ, ಬಡವರ ಮಕ್ಕಳ ಮಿದುಳು ಉಗ್ರಾಣವಾದೀತೆಂಬ ಕನಿಕರದಿಂದ, ಅದನ್ನು ಮುಚ್ಚುತ್ತಿದ್ದೇವೆ. ಮುಚ್ಚಿದ ಮಾತ್ರಕ್ಕೆ ಆ ಮಿದುಳು ಖಾಲಿ ಉಳಿಯುವುದಿಲ್ಲ. ಜಾಹೀರಾತಿನ ರಾಗ, ಡಿಜೆ ಸದ್ದು, ಗಂಟೆಯ ಬದಲು ಬಂದ ಕಾರ್ಖಾನೆಯ ಸೈರನ್ ಅಲ್ಲಿ ಹೋಗಿ ಕೂರುತ್ತವೆ. ಶಾಲೆಯ ಸುತ್ತಲಿನ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆ ಫಲಕದ ಕೆಳಗೆ ನಿಂತು ಹಾರನ್ ಒತ್ತುವ ಬಸ್ಸುಗಳನ್ನು ದಿನವೂ ನೋಡುತ್ತೇನೆ. ನಿಶ್ಶಬ್ದವಾಗಿರುವುದು ಒಳಗಿನ ತರಗತಿಗಳು ಮಾತ್ರ.

ನಾನು ಕೇಳುವುದು ದೊಡ್ಡದೇನಲ್ಲ. ದಿನಕ್ಕೆ ಹತ್ತು ನಿಮಿಷ. ಅಂಕವಿಲ್ಲ, ಪರೀಕ್ಷೆಯಿಲ್ಲ, ಬೆತ್ತವಂತೂ ಇಲ್ಲ. ತಪ್ಪಿದರೆ ನಗುವವರಿಲ್ಲದಂತೆ ಎಲ್ಲರೂ ಒಟ್ಟಿಗೆ ಹೇಳುವುದು. ಅರ್ಥವನ್ನು ಆ ವಾರವೇ ಹೇಳಿ, ಸಂತೋಷ. ಎರಡು ವರ್ಷ ಬಿಟ್ಟು ತಿಳಿದರೂ ಚಿಂತೆಯಿಲ್ಲ. ಮೇಷ್ಟರಿಗೆ ರಾಗ ಬರದಿದ್ದರೆ ಊರಿನಲ್ಲಿ ಹಾಡುವ ಅಜ್ಜಿಯೊಬ್ಬರನ್ನು ತಿಂಗಳಿಗೊಮ್ಮೆ ಕರೆಯಿರಿ. ಯಾವ ಪದ್ಯವೆಂದು ಸಮಿತಿ ಮಾಡಿ ಜಗಳವಾಡಬೇಡಿ: ಒಂದು ವಾರ ಷಟ್ಪದಿ, ಒಂದು ವಾರ ವಚನ, ಒಂದು ವಾರ ಸುಗ್ಗಿಯ ಪದ, ಒಂದು ವಾರ ಮಗುವೇ ತನ್ನ ಮನೆಯಿಂದ ತಂದದ್ದು. ಆ ಅಧಿಕಾರಿಗಳು ಇದನ್ನು ಓದುವ ಪಕ್ಷದಲ್ಲಿ, ಮುಂದಿನ ಸಭೆಗೂ ನಾನು ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ.